ಕಿಟಕಿ ಬದಿಯ ಮಂಚ

ಹೈದರಾಬಾದಿನ ವಿದ್ಯಾರ್ಥಿ ನಿಲಯದಲ್ಲಿ ಕಿಟಕಿ ಬದಿಯ ಮಂಚ ಯಾರಿಗೆ ಎಂಬ ಮಹಾಪ್ರಶ್ನೆ ಆಳಂದದಲ್ಲಿ ಮೋಟಾರಿಗೆ ಕಾಯುವಾಗ ಇತ್ಯರ್ಥವಾಯಿತು. ನನ್ನ ಪಕ್ಕದಲ್ಲಿ ಸರಸಂಬಾದ ಮಲ್ಕಮ್ಮ, ಹೈದರಾಬಾದಿನಲ್ಲಿ ಓದುವ ಆಕೆಯ ಮಗ ಚಂದ್ರಾಮ.

“ಖಿಡಕಿ ಮಂಚ ನನಗೇ ಸಿಕ್ತು, ಯವ್ವ.”

“ಜೋಡಿ ಇರೋ ಹುಡುಗ ಬಿಟ್ಟುಕೊಟ್ಟನೇನು? ಛಲೋ ಹುಡುಗ. ಅವಗೂ ಒಂದು ಗಂಟು ರೊಟ್ಟಿ ಕಟ್ಟೇನಿ.”

“ಅಂವ ಕೋಣಿ ಬದಲಿ ಮಾಡ್ಕೊಂಡ.”

“ಹೋದ ವರ್ಷದವನೂ ಹಂಗೇ ಹೋದ. ಕೋಣಿ ಸೋರ್ತದೇನು?”

“ಇಲ್ಲವ್ವ. ಯಾವ ಕೇರಿಯವ ಅಂತ ಕೇಳ್ದ. ಖರೇ ಹೇಳ್ದೆ.”

ಮಲ್ಕಮ್ಮ ಮಡಿಲಲ್ಲಿದ್ದ ಎರಡೂ ರೊಟ್ಟಿ ಗಂಟುಗಳನ್ನು ಬಿಗಿಮಾಡಿದಳು.

“ಈಗ ಕೋಣ್ಯಾಗ ಯಾರ ಅದಾರ?”

“ನಾ ಒಬ್ಬನೇ. ನವಾಬ ಇದ್ದಂಗ.”

“ರಾತ್ರಿ ಮಾತಾಡಾಕ?”

“ಖಿಡಕಿ ಅದಲ್ಲ.”

ಮೋಟಾರು ಬಂತು. ಚಂದ್ರಾಮ ಒಂದು ಗಂಟು ಹಿಡಿದು ಹತ್ತಿದ. ಇನ್ನೊಂದು ಮಲ್ಕಮ್ಮನ ಮಡಿಲಲ್ಲೇ ಉಳಿಯಿತು.