ಎರಡ ಹನಿ

ಹಡಗಲಿಯ ಮಕ್ಕಳ ಡಾಕ್ಟರ ಬಾಗಿಲ ಮುಂದೆ, ನನ್ನ ಪಕ್ಕದಲ್ಲೇ ಅತ್ತೆ ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ ಮೂರು ತಿಂಗಳ ಕೂಸು.

“ಅತ್ತಿ, ಕೂಸಿನ ಎದಿ ಗೊರಗೊರ ಅಂತೈತಿ. ಮೂಗಿನ್ಯಾಗ ಎಣ್ಣಿ ಬಿಟ್ರೇನ್ರಿ?”

“ಇಲ್ಲವ್ವ. ಥಂಡಿ ಆಗೈತಿ.”

“ಬಿಡಬ್ಯಾಡ್ರಿ ಅಂತ ಕೈ ಮುಗಿದು ಹೇಳಿ ಡ್ಯೂಟಿಗಿ ಹೋಗಿದ್ದೆ.”

“ನಿನ್ನ ಗಂಡಗೂ ನೀರೆರಿಯೋ ಮುಂದ ನಾನೇ ಬಿಟ್ಟೀನಿ, ಸಮತಾ. ಗಟ್ಟಿಮುಟ್ಟಾಗಿ ಅದಾನ.”

“ಹಂಗಾದ್ರ ಬಿಟ್ಟೀರಿ.”

ಅತ್ತೆ ಕೂಸಿನ ಟೋಪಿ ಸರಿಮಾಡಿದಳು. ಅಷ್ಟರಲ್ಲಿ ನರ್ಸ್ ಒಳಗೆ ಕರೆದಳು.

“ಎರಡ ಹನಿ, ನನ್ನವ್ವ. ಡಾಕ್ಟರಿಗಿ ಹೇಳು, ನನ್ನ ಮಗಗ ಹೇಳಬ್ಯಾಡ.”

“ಏಳ್ರಿ. ಯಾವ ಎಣ್ಣಿ, ಎಷ್ಟು ಹನಿ, ಡಾಕ್ಟರಿಗಿ ನೀವೇ ಹೇಳ್ರಿ.”

ಬಾಗಿಲು ಮುಚ್ಚಿತು. ಅಷ್ಟು ಹೊತ್ತೂ ಅಳದೆ ಮಂಕಾಗಿ ಮಲಗಿದ್ದ ಕೂಸು ಒಮ್ಮೆಯಾದರೂ ಅಳಲಿ ಎಂದು ಕಿವಿಗೊಟ್ಟು ಕೂತೆ.