ಮಡುವಿನೊಳಗೆ ಕಟ್ಟಿದ ಗಂಟು

ಹೂಂ ಅನ್ನೋರು ಹತ್ತಿರ ಬನ್ನಿ. ಊಹೂಂ ಅನ್ನೋರು ಮುಸುಕೆಳೆದು ಮಲಗಿ. ಒಂದೇ ಸಲ ಹೇಳ್ತೀನಿ.

ಒಂದು ಸೀಮೆ. ಆ ಸೀಮೆಗೊಂದು ಹೊಳೆ. ಹೊಳೆಯ ಹೆಸರು ಕೇಳಬೇಡಿ. ಹೆಸರು ಹೇಳಿದರೆ ಅದಕ್ಕೆ ಕೇಳಿಸತ್ತೆ.

ಹೊಳೆ ತಿರುಗೋ ಜಾಗದಲ್ಲಿ ಒಂದು ಮಡು. ಎಷ್ಟು ಆಳ? ಕಲ್ಲು ಎಸೆದೋರು ಅದು ತಳ ಮುಟ್ಟಿದ ಸದ್ದು ಕೇಳಿಲ್ಲ. ಅದರ ದಂಡೇಲಿ ಗಾಳ ಹಾಕಿ ಬದುಕೋನು ಮೈಲಾರಿ. ಅವನ ಹೆಂಡತಿ ನಿಂಬೆವ್ವ. ಹೊರಗಿನೋಳಲ್ಲ, ಅವನ ಅಕ್ಕ ಹೊನ್ನೂರವ್ವನ ಮಗಳು. ಅಕ್ಕನ ಮಗಳನ್ನೇ ತಂದುಕೊಂಡಿದ್ದ.

ಕೆಲಸ ಹಂಚಿಕೊಂಡಿದ್ದರು. ದಾರ ಹೆಣೆಯೋದು ಅವಳು. ಗಂಟು ಹಾಕೋದು ಅವಳು. ನೀರಿಗೆ ಎಸೆಯೋದು ಇವನು. ನೂಲು ಬಿಚ್ಚೋರ ಮನೇಲಿ ಮಿಕ್ಕ ರೇಷ್ಮೆ ಎಳೆ ತಂದು ಅವಳು ಹೆಣೀತಿದ್ದಳು. ಕೂದಲಷ್ಟು ಸಣ್ಣ. ಎಮ್ಮೆ ಕಟ್ಟಿದರೂ ಹರಿಯಲ್ಲ. ಆದರೆ ಜಾರೋದು, ಹಾವುಮೀನಿನ ಹಾಗೆ. ಬೇರೆಯೋರು ಗಂಟು ಹಾಕಿದರೆ ನಿಲ್ಲೋದಿಲ್ಲ. ಅವಳು ಹಾಕಿದರೆ ಬಿಡೋದಿಲ್ಲ. ನಿಂಬೆವ್ವನ ಗಂಟೂ ಬಿಡಲ್ಲ, ನಿಂಬೆವ್ವನ ಮಾತೂ ಬಿಡಲ್ಲ ಅಂತ ಊರು ನಗೋದು.

ಮಾತು ಅಂದೆನಲ್ಲ, ಕೇಳಿ. ಗಂಡನ ಹೆಸರು ಹಿಡಿದು ಅವಳು ಒಂದು ದಿನವೂ ಕರೆದೋಳಲ್ಲ. "ಕೇಳಿಸ್ತಾ?" ಅನ್ನೋಳು. ಅಷ್ಟೇ. ಇವನು ತಿರುಗಿ ನೋಡೋನು.

ಒಂದು ಮಟಮಟ ಮಧ್ಯಾಹ್ನ ಪಾತ್ರೆ ತೊಳೆಯೋಕೆ ಮಡುವಿಗೆ ಹೋದಳು. ಪಾತ್ರೆ ದಂಡೇಲಿತ್ತು. ಅವಳಿರಲಿಲ್ಲ.

ಊರು ಹುಡುಕಿತು. ಬಲೆ ಹಾಕಿದರು. ಹರಿಗೋಲು ಸುತ್ತಿಸಿದರು. ಮುಳುಗಿ ನೋಡಿದರು. ಸಿಗಲಿಲ್ಲ. ಹೋಗಲಿ ಬಿಡಪ್ಪಾ ಅಂದರು. ಏನು ಬಿಡೋದು? ಕೈಯಲ್ಲಿ ಹಿಡಿದಿದ್ದರೆ ತಾನೆ ಬಿಡೋದು.

ಮೈಲಾರಿ ದೊಡ್ಡ ಗಾಳ ತಗೊಂಡ. ಮೀನಿಗಲ್ಲ. ಅವಳಿಗೆ. ಸೆರಗಿಗಾದರೂ ಸಿಕ್ಕಿಕೊಳ್ಳಲಿ, ಮೇಲೆ ತರ್ತೀನಿ, ಮಣ್ಣು ಕೊಡೋಕೆ ಒಂದು ಮೈ ಬೇಕಲ್ಲ ಅಂದ.

ಮೊದಲನೇ ದಿನ ಹೋದ. ಅವಳು ಹೆಣೆದಿಟ್ಟ ದಾರ. ಇವನೇ ಹಾಕಿದ ಗಂಟು. ಗಾಳ ಇಳಿಸಿದ. ಏನೋ ಸಿಕ್ಕಿತು. ಮೆತ್ತಗಿತ್ತು, ಭಾರವಿತ್ತು, ನೆನೆದ ಬಟ್ಟೆಯ ಹಾಗೆ. ಎಳೆದ. ಸರಕ್ಕಂತ ಜಾರಿತು. ಗಾಳ ಕೆಳಗೇ ಉಳಿಯಿತು, ಬರೀ ದಾರ ಮೇಲೆ ಬಂತು.

ಅಕ್ಕನ ಮುಂದೆ ತಂದು ಹಾಕಿದ. ಹೊನ್ನೂರವ್ವ ತುದಿ ಸವರಿ ನೋಡಿದಳು. ಹರಿದ ದಾರವಾದರೆ ಎಳೆ ಬಿಚ್ಚಿ ಕುಚ್ಚಾಗಿರತ್ತೆ, ಇದು ನೋಡು, ಹಂದಿ ಬಾಲದ ಹಾಗೆ ಸುರುಳಿ ಸುತ್ತಿದೆ, ಹರಿದಿಲ್ಲ, ಜಾರಿದೆ ಅಂದಳು. ಹತ್ತಿ ದಾರ ತನ್ನನ್ನೇ ತಾನು ಕಚ್ಚಿ ಹಿಡಿಯತ್ತೆ, ಹೆಣೆದ ರೇಷ್ಮೆಗೆ ಹಲ್ಲಿಲ್ಲ ಅಂದಳು. ದಾರ ಜೋಡಿ ಮಾಡು. ಜೋಡಿಯಾಗೇ ಗಾಳದ ತೂತಿಗೆ ತೂರಿಸು. ಸುತ್ತು, ಸಾಕು ಅನ್ನಿಸಿದ ಮೇಲೂ ಸುತ್ತು. ಬಾಯಲ್ಲಿಟ್ಟು ಉಗುಳಲ್ಲಿ ನೆನೆಸು. ಆಮೇಲೆ ಮೆಲ್ಲಗೆ ಎಳಿ. ಒಣಗಂಟು, ಸುಳ್ಳು ನಂಟು.

"ಇಷ್ಟು ವರ್ಷ ಅವಳು ಕಟ್ಟುವಾಗ ಎದುರಿಗೇ ಕೂತಿರ್ತಿದ್ದೆಯಲ್ಲೋ ತಮ್ಮಾ. ಏನು ನೋಡ್ತಿದ್ದೆ?"

"ಮುಖ ನೋಡ್ತಿದ್ದೆ ಅಕ್ಕಾ."

ಹೊನ್ನೂರವ್ವ ಎದ್ದು ಒಳಗೆ ಹೋದಳು.

ಎರಡನೇ ದಿನ ಹೋದ. ದಾರ ಜೋಡಿ ಮಾಡಿದ. ಸುತ್ತಿದ. ನೆನೆಸೋದು ಮರೆತ. ದುಃಖದ ಬಾಯಿ ಒಣಗಿರತ್ತೆ, ಏನು ಮಾಡ್ತಾನೆ? ಗಾಳ ಇಳಿಯಿತು, ಸಿಕ್ಕಿತು, ಜಾರಿತು. ಬರೀ ದಾರ ನೀರಲ್ಲೇ ಬಿಟ್ಟು ಮಂಡಿಗೆ ತಲೆ ಕೊಟ್ಟು ಕೂತ.

ನೆತ್ತಿ ಮೇಲೆ ಸೂರ್ಯ. ಗಾಳಿ ಇಲ್ಲ. ಕಪ್ಪೆ ಇಲ್ಲ. ಅವನ ನೆರಳು ಅವನ ಕಾಲ ಕೆಳಗೆ ಸೇರಿಕೊಂಡಿತ್ತು. ನೀರಿನೊಳಗೆ ಮಾತ್ರ ಒಂದು ನೆರಳು ಉದ್ದಕ್ಕೆ ಮಲಗಿತ್ತು.

ದಾರ ಜಗ್ಗಿತು. ಒಂದು ಸಲ. ಇನ್ನೊಂದು ಸಲ. ಮತ್ತೊಂದು ಸಲ.

ಎಳೆದ. ಕಳೆದುಹೋದ ಗಾಳ ಬಂತು. ಬರೀ ಗಾಳ ಅಲ್ಲ. ದಾರಕ್ಕೆ ಕಟ್ಟಿಕೊಂಡು ಬಂತು. ಜೋಡಿ ಎಳೆ, ಒತ್ತೊತ್ತಾಗಿ ಸುತ್ತು, ಮಿಕ್ಕ ತುದಿ ಭತ್ತದ ಕಾಳಿನಷ್ಟು. ಅವಳು ಕಟ್ಟೋದನ್ನ ಅವನು ನೋಡಿರಲಿಲ್ಲ. ಕಟ್ಟಿದ್ದನ್ನ ದಿನಾ ನೋಡಿದ್ದ. ಯಾರ ಗಂಟು ಅಂತ ಕೇಳಬೇಕಾ?

ಓಡಿ ಬಂದು ಅಕ್ಕನಿಗೆ ತೋರಿಸಿದ. ಅವಳು ಮುಟ್ಟಲಿಲ್ಲ.

"ಗಂಟು ನನ್ನ ಮಗಳದು. ಹಾಕಿಸಿದ್ದು ನೀರು. ನೀರಿಗೆ ಹೋದೋರು ನೀರು ಹೇಳಿದ್ದು ಮಾಡಬೇಕು ತಮ್ಮಾ. ಅದು ಅವಳ ಕೈಲಿ ನಿನಗೆ ಗಾಳ ಹಾಕಿಸ್ತಾ ಇದೆ. ಆ ಕಡೆ ಹೋಗಬೇಡ."

ಹೂಂ ಅಂದ. ಅಂದೋನು ಹೋಗದೆ ಇದ್ದನಾ?

ಮೂರನೇ ದಿನ ಹೋದ. ಬರೀ ದಾರ ಇಳಿಬಿಟ್ಟ. ಕಾದ. ಮಡು ಕನ್ನಡಿಯಾಗಿತ್ತು.

"ಮೈಲಾರಿ," ಅಂತು ಮಡು.

ದನಿ ಅವಳದು. ಕರೆದಿದ್ದು ಅವಳಲ್ಲ. ಅವಳು ಹೆಸರು ಹಿಡಿದು ಕರೀತಾಳಾ?

"ಮೈಲಾರಿ. ಆ ತುದಿ ನಿನ್ನ ಸೊಂಟಕ್ಕೆ ಕಟ್ಟಿಕೋ. ಈ ತುದಿ ನಾನು ಕಟ್ಟಿಕೊಳ್ತೀನಿ. ಬಂದುಬಿಡ್ತೀನಿ."

ಅವನಿಗೆ ಗೊತ್ತಾಗಲಿಲ್ಲ ಅಂದುಕೊಂಡಿರಾ? ಗೊತ್ತಾಯ್ತು. ಯಾರು ಬರ್ತಾರೆ, ಯಾರು ಹೋಗ್ತಾರೆ, ಎಲ್ಲ ಗೊತ್ತಾಯ್ತು. ಆದರೂ ಕಟ್ಟಿಕೊಂಡ. ದಾರ ಜೋಡಿ ಮಾಡಿದ. ಸುತ್ತಿದ, ಸಾಕು ಅನ್ನಿಸಿದ ಮೇಲೂ ಸುತ್ತಿದ. ಬಗ್ಗಿ ಬಾಯಲ್ಲಿಟ್ಟು ನೆನೆಸಿದ. ಮೆಲ್ಲಗೆ ಎಳೆದ. ಹುಟ್ಟಿದಾಗಿನಿಂದ ಅಂಥ ಗಂಟು ಅವನು ಹಾಕಿರಲಿಲ್ಲ.

ದಾರ ಬಿಗಿಯಾಯ್ತು. ಕೆಳಗಿನ ಭಾರ ಬರಲಿಲ್ಲ. ಇವನೇ ಹೋದ. ಪಾದ ನೆನೆಯಿತು. ಮಂಡಿ ನೆನೆಯಿತು. ಎದೆ ನೆನೆಯಿತು. ಕಾಲು ಊರಲಿಲ್ಲ, ಕೈ ಚಾಚಲಿಲ್ಲ. ಕಣ್ಣು ಬಿಟ್ಟುಕೊಂಡೇ ಹೋದ. ಮುಖ ನೋಡಬೇಕಿತ್ತು ಅವನಿಗೆ.

ಗದ್ದಕ್ಕೆ ನೀರು ಬಂದಾಗ, ಕೆಳಗಿಂದ, ಬಲು ಮೆಲ್ಲಗೆ, ಕೇಳಿತು.

"ಕೇಳಿಸ್ತಾ?"

ಅಷ್ಟೇ. ದಾರ ಸಡಿಲವಾಯ್ತು. ಮಡು ಅವನನ್ನ ಉಗುಳಿದ ಹಾಗೆ ದಂಡೆಗೆ ಒಗೆಯಿತು. ಆಮೇಲೆ ಮಡು ಒಂದು ಸಲ ಕೂಗಿತು. ಊರಿನ ನಾಯಿಗಳೆಲ್ಲ ಮನೆಯೊಳಗೆ ನುಗ್ಗಿದವು.

ಹೊನ್ನೂರವ್ವ ಓಡಿ ಬಂದಳು. ತಮ್ಮ ಬಿದ್ದಿದ್ದ. ದಾರ ಎಳೆದುಕೊಂಡು ನೀರಿನ ಕಡೆಯ ತುದಿ ನೋಡಿದಳು. ಕುಚ್ಚಾಗಿರಲಿಲ್ಲ. ಸುರುಳಿಯಾಗಿತ್ತು. ಒಂಟಿ ಎಳೆ, ಒಂದೇ ಸುತ್ತು. ಮೊದಲ ಸಲ ದಾರ ಮುಟ್ಟಿದ ಕೂಸೂ ಹಾಗೆ ಕಟ್ಟೋದಿಲ್ಲ. ಇಂಥ ಗಂಟು ನನ್ನ ಮಗಳು ಹಾಕಲ್ಲ ಅಂತ ಅವಳ ಬಾಯಿಗೆ ಬಂತು. ಬಂದಿದ್ದು ಅಲ್ಲೇ ನಿಂತಿತು. ತುದಿಯನ್ನ ಕಣ್ಣಿಗೊತ್ತಿಕೊಂಡಳು.

"ಕಟ್ಟು ಅಂತು ನೀರು, ಕಟ್ಟಿದಾಳೆ. ಗಟ್ಟಿಯಾಗಿ ಕಟ್ಟು ಅನ್ನೋಕೆ ನೀರಿಗೆ ತಿಳೀಲಿಲ್ಲ."

ಮೈಲಾರಿ ಅಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಸತ್ತೋಳ ಮೇಲೆ ಸಿಟ್ಟು.

"ಬಿಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕಿತ್ತು ಅವಳು," ಅಂದ.

ಅಕ್ಕ ಅವನ ಸೊಂಟದ ಗಂಟು ಬಿಚ್ಚೋಕೆ ಕೂತಳು. ಉಗುರು ಹಾಕಿದಳು, ಬಿಚ್ಚಲಿಲ್ಲ. ಹಲ್ಲು ಹಾಕಿದಳು, ಬಿಚ್ಚಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದ. ಕೊನೆಗೆ ಕುಡುಗೋಲು ತರಿಸಿ ಕೊಯ್ದಳು.

ಹೊಳೆ ಹೊಳೆಗೇ ಹೋಯ್ತು. ಕಥೆ ನಿಮ್ಮ ಮನೆಗೆ ಬಂತು. ಬಾಗಿಲು ಹಾಕಿಕೊಳ್ಳಿ.