ಗಾಲಿ ಅಕ್ಕನ ಕಿವಿಗೆ ಬಾರದ ಕರೆ

ಮಾನ್ಯ ಅಧ್ಯಕ್ಷರೇ, ಈ ಆಸ್ಪತ್ರೆಯ ಅಧೀಕ್ಷಕರೇ, ಸನ್ಮಾನಕ್ಕೆ ಒಪ್ಪದೆ ಒಪ್ಪಿ ಕುರ್ಚಿಯ ತುದಿಯಲ್ಲಿ ಕೂತಿರುವ ಗಾಲಿ ಅಕ್ಕನವರೇ, ಸಭಿಕರೇ,

ಹನ್ನೊಂದು ವರ್ಷದ ಹಿಂದೆ, ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಇದೇ ಆಸ್ಪತ್ರೆಯಲ್ಲಿ ಒಂದು ತಪ್ಪು ನಡೆಯಿತು. ಇಪ್ಪತ್ತೆಂಟನೇ ತಾರೀಖು ಆ ತಪ್ಪನ್ನು, ಅದನ್ನು ಮಾಡದವರ ಸೇವಾ ಪುಸ್ತಕದಲ್ಲಿ ಬರೆದರು. ‘ಕರ್ತವ್ಯದಲ್ಲಿ ನಿರ್ಲಕ್ಷ್ಯ.’ ಎರಡೇ ಪದ. ಏಪ್ರಿಲ್ ಒಂಬತ್ತರ ಹೊತ್ತಿಗೆ ನಿಜ ಏನೆಂದು ಆಡಳಿತಕ್ಕೆ ಗೊತ್ತಿತ್ತು. ಆ ಎರಡು ಪದ ಇವತ್ತಿಗೂ ಅಲ್ಲೇ ಇವೆ.

ಬೀಳ್ಕೊಡುಗೆಯ ದಿನ ಇದೆಲ್ಲ ಯಾಕೆ ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ರೋಗಿಗಳ ಬಂಧುಗಳ ಪರವಾಗಿ ಎರಡು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಆಡುತ್ತೇನೆ. ಆದರೆ ನಾನು ಮೂವತ್ತೆಂಟು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಕಾಗುಣಿತ ನೋಡುವ ಚಾಳಿ. ತಪ್ಪು ಅಚ್ಚಾಗಿದೆ ಎಂದು ಗೊತ್ತಿದ್ದೂ ಪುಟ ತಿರುಗಿಸಲು ನನ್ನಿಂದ ಆಗುವುದಿಲ್ಲ.

ಇಲ್ಲಿ ಸ್ಟ್ರೆಚರ್ ತಳ್ಳುವವರ ಸೊಂಟದಲ್ಲಿ ವಾಕಿಟಾಕಿ ಇರುವುದನ್ನು ನೋಡಿದ್ದೀರಿ. ಮೊದಲು ಅದು ವಾರ್ಡಿನ ನಡುವೆ ಕೊರ್ ಎಂದು ಕಿರುಚುತ್ತಿತ್ತು, ಮಲಗಿದವರು ಬೆಚ್ಚಿ ಏಳುತ್ತಿದ್ದರು. ತಂತಿಯ ಇಯರ್‌ಪೀಸ್ ಬಂತು, ಅದು ಸ್ಟ್ರೆಚರಿನ ಕಂಬಿಗೆ ಸಿಕ್ಕಿ ಕಿವಿ ಹರಿಯುವಂತಾಯಿತು. ಕೊನೆಗೆ ತಂತಿಯಿಲ್ಲದ್ದು ಬಂತು. ಬೆಂಕಿಪೊಟ್ಟಣದಷ್ಟು ದೊಡ್ಡ ಅಡಾಪ್ಟರ್. ಅದನ್ನು ವಾಕಿಟಾಕಿಯ ಪಕ್ಕಕ್ಕೆ ಸಿಕ್ಕಿಸಿದರೆ ಮಾತು ನೇರವಾಗಿ ಕಿವಿಯ ಇಯರ್‌ಪೀಸಿಗೆ. ವಾಕಿಟಾಕಿಯ ಬಾಯಿ ಬಂದ್. ಒಳ್ಳೆಯ ವಸ್ತು. ನಾನು ವಸ್ತುವನ್ನು ಬೈಯಲು ಬಂದಿಲ್ಲ.

ಆ ದಿನ ನನ್ನ ಅಕ್ಕನನ್ನು ಇಲ್ಲಿಗೆ ತಂದಾಗ ಅವಳ ಹೊಟ್ಟೆ ಹಲಗೆಯಂತಾಗಿತ್ತು. ಅಪೆಂಡಿಕ್ಸ್ ಒಡೆದಿದೆ, ಕೂಡಲೇ ಮೂರನೇ ಮಹಡಿಯ ಶಸ್ತ್ರಚಿಕಿತ್ಸಾ ಕೊಠಡಿಗೆ ಸಾಗಿಸಿ ಎಂದರು ವೈದ್ಯರು. ಕಂಟ್ರೋಲ್ ಕೋಣೆಯವರು ಕರೆದರು. ಸ್ಟ್ರೆಚರ್ ಬರಲಿಲ್ಲ. ಮತ್ತೆ ಕರೆದರು. ನಾಲ್ಕು ಸಲ ಕರೆದರು. ಮೂವತ್ತೈದು ನಿಮಿಷ! ನನ್ನನ್ನು ಎತ್ತಿ ಆಡಿಸಿದವಳು ಗೋಡೆಗೆ ಉಗುರು ಊರಿ ನರಳುತ್ತಿದ್ದಳು. ನಾನು ಹುಚ್ಚನಂತೆ ಓಡಿದೆ. ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಮುಂದೆ ಖಾಲಿ ಸ್ಟ್ರೆಚರ್, ಕಿವಿಯಲ್ಲಿ ಅದು.

“ಹಾಡು ಕೇಳ್ತಾ ಕೂತಿದ್ದೀಯೇನೇ?” ಎಂದು ಕಿರುಚಿದೆ.

ಹೌದು, ಏನೇ ಎಂದೆ. ಪುಸ್ತಕ ಓದಿದ ಬಾಯಿಂದಲೇ ಬಂತು ಅದು.

“ನನಗೆ ಕರೆ ಬಂದಿಲ್ಲ ಸಾರ್. ಎಲ್ಲಿ, ತೋರಿಸಿ,” ಎಂದವರೇ ಆಕೆ ನನಗಿಂತ ಮುಂದೆ ಓಡಿದರು. ಇಬ್ಬರು ತಳ್ಳಬೇಕಾದ್ದನ್ನು ಒಬ್ಬರೇ ತಳ್ಳಿದರು. ಸ್ಟ್ರೆಚರ್ ತಳ್ಳುವುದರಿಂದಲೇ ನೀವೆಲ್ಲ ಗಾಲಿ ಅಕ್ಕ ಎನ್ನುವ ಇವರೇ ಆಕೆ. ಆ ಓಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ರಾತ್ರಿ ಕೂತು, ಹಾಡು ಕೇಳುತ್ತಿದ್ದಳೆಂದು ದೂರು ಬರೆದೆ. ಮೂರು ಪುಟ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಓಟದ ವಿಷಯ ಮಾತ್ರ ಅದರಲ್ಲಿರಲಿಲ್ಲ.

ಮೂವರ ಸಮಿತಿ ಕೂತಿತು. ಆ ವಾಕಿಟಾಕಿಯನ್ನು ಮೇಜಿನ ಮೇಲಿಟ್ಟರು. ಇಯರ್‌ಪೀಸ್ ಹಾಕಿಕೊಳ್ಳಲು ಮೂವರಿಗೂ ಬರಲಿಲ್ಲ. ಹಾಗಾಗಿ ಅಡಾಪ್ಟರನ್ನು ಕಿತ್ತು ಪಕ್ಕಕ್ಕಿಟ್ಟು, ಇನ್ನೊಂದು ವಾಕಿಟಾಕಿಯಿಂದ ‘ಹಲೋ, ಹಲೋ’ ಎಂದರು. ವಾಕಿಟಾಕಿ ಗಟ್ಟಿಯಾಗಿ ‘ಹಲೋ, ಹಲೋ’ ಎಂದಿತು. ಯಂತ್ರ ಸರಿಯಿದೆ, ಹೆಂಗಸು ಸರಿಯಿಲ್ಲ. ಮುಗಿಯಿತು ವಿಚಾರಣೆ. ರೋಗಿಯ ಕಿವಿಗೆ ತೊಂದರೆ ಇದ್ದರೆ ಮೂಗು ಪರೀಕ್ಷಿಸುತ್ತೀರಾ ನೀವು?

ಗಾಲಿ ಅಕ್ಕನವರನ್ನು ರೋಗಿಗಳಿಂದ ಬಿಡಿಸಿ ಬಟ್ಟೆ ಗಂಟು ಸಾಗಿಸಲು ಹಾಕಿದರು. ಹಿರಿಯ ಸಹಾಯಕಿಯ ಹುದ್ದೆ ಅವರನ್ನು ದಾಟಿ ಬೇರೆಯವರಿಗೆ ಹೋಯಿತು.

ಮೂರು ವರ್ಷ ಬಿಟ್ಟು ನನ್ನ ಅಕ್ಕನ ತಪಾಸಣೆಗೆ ಬಂದಿದ್ದೆ. ನೆಲಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬರು ಕನ್ನಡಕ ಏರಿಸಿಕೊಂಡು ವಾಕಿಟಾಕಿಗೆ ಉಗುರುಬಣ್ಣ ಹಚ್ಚುತ್ತಿದ್ದರು. ತಲೆ ಎತ್ತಿ, “ನೀವು ಹಾಡಿನ ಸಾರ್ ಅಲ್ವಾ?” ಎಂದರು.

ಗಾಲಿ ಅಕ್ಕ! ಅವರೇ ಒಂದು ಸ್ಟೂಲು ಎಳೆದರು. “ಕೂತ್ಕೊಳ್ಳಿ. ನಿಮ್ಮ ಅಕ್ಕ ಚೆನ್ನಾಗಿದ್ದಾರಾ? ಅಷ್ಟು ಸಾಕು.” ಆಮೇಲೆ ತಾವೇ ಹೇಳಿದರು. “ಸಾರ್, ಈ ಇಯರ್‌ಪೀಸಿಗೆ ವಾಕಿಟಾಕಿ ಯಾವುದು ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ತನ್ನ ಅಡಾಪ್ಟರ್ ಒಂದೇ. ಮದುವೆ ಅಡಾಪ್ಟರ್ ಜೊತೆ. ಆ ಅಡಾಪ್ಟರ್ ಯಾವ ವಾಕಿಟಾಕಿಗೆ ಅಂಟ್ಕೊಳ್ತೋ ಆ ಮನೇಲಿ ಸಂಸಾರ.”

ಸಭಿಕರೇ, ನಡೆದದ್ದು ಇಷ್ಟು. ಸಂಜೆ ಎಲ್ಲ ಅಡಾಪ್ಟರುಗಳನ್ನೂ ಕಿತ್ತು ಒಂದೇ ತಟ್ಟೆಯಲ್ಲಿ ಚಾರ್ಜಿಗೆ ಇಡಬೇಕೆಂಬುದು ಕಚೇರಿಯ ಆದೇಶ. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ವಾಕಿಟಾಕಿಗೆ ಸಿಕ್ಕಿಸುತ್ತಿದ್ದರು. ಇಯರ್‌ಪೀಸ್ ಮಾತ್ರ ಅವರವರದು. ಆ ದಿನ ಗಾಲಿ ಅಕ್ಕನ ಅಡಾಪ್ಟರ್, ಬೆಂಚಿನ ಹಿಂದಿನ ಕೋಣೆಯಲ್ಲಿ ಆಫ್ ಆಗಿ ಬಿದ್ದಿದ್ದ ಹೆಚ್ಚುವರಿ ವಾಕಿಟಾಕಿಗೆ ಹೋಗಿತ್ತು. ಅಡಾಪ್ಟರಿಗೆ ತನ್ನದೇ ಬ್ಯಾಟರಿ. ಇಯರ್‌ಪೀಸ್ ಅದನ್ನು ಹುಡುಕಿಕೊಂಡು ‘ಕನೆಕ್ಟೆಡ್’ ಎಂದಿತು. ಯಾರ ಜೊತೆ ಎಂದು ಹೇಳಲಿಲ್ಲ. ಅವರ ಸೊಂಟದ ವಾಕಿಟಾಕಿಗೆ, ರಜೆಯಲ್ಲಿದ್ದ ಇನ್ನೊಬ್ಬರ ಅಡಾಪ್ಟರ್. ನಾಲ್ಕು ಕರೆಗಳೂ ಅದರೊಳಗೆ ಬಂದು, ಹೋಗಲು ಕಿವಿಯಿಲ್ಲದೆ ಅಲ್ಲೇ ಸತ್ತವು. ಕಿವಿಗಿಟ್ಟುಕೊಂಡು ಕಾಯುತ್ತಿದ್ದವರಿಗೆ ಮೌನ ಕೇಳಿಸಿತು. ಕರೆ ಇಲ್ಲದ ಬೆಳಿಗ್ಗೆಯೂ ಹಾಗೇ ಅಲ್ಲವೇ ಕೇಳಿಸುವುದು?

ಇದನ್ನು ಪತ್ತೆ ಹಚ್ಚಿದ್ದು ಯಾವ ಎಂಜಿನಿಯರೂ ಅಲ್ಲ. ಏಳನೇ ಕ್ಲಾಸು ಓದಿದ ಗಾಲಿ ಅಕ್ಕ. ಏಪ್ರಿಲ್ ಎರಡರಂದು ಬರೆದು ಕೊಟ್ಟರು. ಸ್ವೀಕೃತಿಯ ಮೊಹರು ಇದೆ. ಒಂಬತ್ತಕ್ಕೆ ಸುತ್ತೋಲೆ ಬಂತು: ‘ಇನ್ನು ಮುಂದೆ ಅಡಾಪ್ಟರುಗಳನ್ನು ವಾಕಿಟಾಕಿಯಿಂದ ಬೇರ್ಪಡಿಸತಕ್ಕದ್ದಲ್ಲ.’ ಯಾಕೆ ಎಂದಿಲ್ಲ. ಯಾರು ಹೇಳಿದ್ದು ಎಂದಿಲ್ಲ. ನಿಯಮ ತಿದ್ದಿದಿರಿ, ಸೇವಾ ಪುಸ್ತಕ ತಿದ್ದದೆ ಬಿಟ್ಟಿರಿ. ಎರಡು ಕಾಗದಗಳೂ ಈ ಚೀಲದಲ್ಲಿವೆ.

ಆದರೆ ಅವರು ಮೂಲೆಯಲ್ಲಿ ಕೂತು ಅಳಲಿಲ್ಲ. ವಾಕಿಟಾಕಿ, ಅಡಾಪ್ಟರ್, ಇಯರ್‌ಪೀಸ್ ಮೂರಕ್ಕೂ ಒಂದೇ ಬಣ್ಣದ ಚುಕ್ಕೆ ಇಟ್ಟರು. ದಾದಿಯರು ಉಗುರುಬಣ್ಣ ಕೊಟ್ಟರು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಇಬ್ಬಿಬ್ಬರು ಎದುರುಬದುರು ನಿಂತು ಹೆಸರು ಹಿಡಿದು ಕರೆಯಬೇಕು. ಕಿವಿಯಲ್ಲಿ ಕೇಳಿಸಿದವರು ಕೈ ಎತ್ತಬೇಕು. ಹಸಿರು ದೀಪ ನಂಬಬಾರದು. ಇವತ್ತು ಬೆಳಿಗ್ಗೆ ಬೇಗ ಬಂದು ನೋಡಿದೆ. ಹದಿನೆಂಟು ಕೈ ಎದ್ದವು. ಒಂದು ಏಳಲಿಲ್ಲ. “ನೇರಳೆ ಚುಕ್ಕೆಯವನೇ, ನಿನ್ನ ಅಡಾಪ್ಟರ್ ಎಲ್ಲಿ ಬಿಟ್ಟೆ, ಹೆಂಡತಿಯ ತವರಲ್ಲೇನೋ?” ಎಂದರು ಗಾಲಿ ಅಕ್ಕ. ಎಲ್ಲರೂ ನಕ್ಕರು, ಅವನು ಹುಡುಕಿ ತಂದ. ಹನ್ನೊಂದು ವರ್ಷದಲ್ಲಿ ಒಂದು ಕರೆಯೂ ಕಳೆದುಹೋಗಿಲ್ಲ. ಬಟ್ಟೆ ಗಂಟು ಹೊರುವ ಕೆಲಸದಲ್ಲಿದ್ದುಕೊಂಡೇ ಇದನ್ನು ಮಾಡಿದರು!

ಮುಂದಿನ ಸಾಲಿನಿಂದ ನನ್ನ ಅಕ್ಕ ಗಡಿಯಾರ ತೋರಿಸುತ್ತಿದ್ದಾಳೆ. ಎಪ್ಪತ್ತಾರು ವರ್ಷ, ಗುಂಡುಕಲ್ಲಿನ ಹಾಗಿದ್ದಾಳೆ. ನಾನು ಆಡಳಿತಕ್ಕೆ ಏಳು ಪತ್ರ ಬರೆದೆನೆಂದು ಜಂಬ ಕೊಚ್ಚಿದಾಗ ಇವಳೇ ಕೇಳಿದ್ದು: “ಲೋ, ಏಳು ಪತ್ರ ಆಫೀಸಿಗೆ ಬರೆದೆ. ಆ ತಾಯಿಗೆ ಒಂದಾದರೂ ಬರೆದೆಯಾ?”

ಬರೆದಿರಲಿಲ್ಲ. ಆದ್ದರಿಂದ ಇನ್ನೂರು ಜನರ ಮುಂದೆ ಹೇಳುತ್ತೇನೆ. ಗಾಲಿ ಅಕ್ಕನವರೇ, ನೀವು ಹಾಡು ಕೇಳುತ್ತಿರಲಿಲ್ಲ. ನಾನು ಸುಳ್ಳು ಬರೆದೆ. ನನ್ನನ್ನು ಕ್ಷಮಿಸಿ. ದೂರನ್ನು ಹಿಂತೆಗೆದುಕೊಂಡ ಪತ್ರ ಇಲ್ಲಿದೆ, ಸಹಿ ಹಾಕಿದ್ದೇನೆ.

ಅಧೀಕ್ಷಕರೇ, ನೀವು ಬಂದು ಎಂಟು ತಿಂಗಳು. ತಪ್ಪು ನಿಮ್ಮದಲ್ಲ. ಕಳೆದುಹೋಗಿದೆ ಎಂದು ಕಚೇರಿಯವರು ನನಗೆ ಬಾಯಿಮಾತಲ್ಲಿ ಹೇಳುತ್ತ ಬಂದಿದ್ದ ಕಡತವನ್ನು ನಿನ್ನೆ ನೀವೇ ಕಪಾಟು ಹತ್ತಿ ಹುಡುಕಿ ತೆಗೆದಿರಿ ಎಂದು ಕೇಳಿದೆ. ಅದಕ್ಕೇ ನನಗೆ ಭರವಸೆ. ಇವರ ನಿವೃತ್ತಿಗೆ ಇನ್ನು ಹದಿನಾರು ದಿನ. ಆ ಎರಡು ಪದಗಳನ್ನು ಯಾವ ತಾರೀಖಿಗೆ ಹೊಡೆದು ಹಾಕುತ್ತೀರಿ? ಹಿರಿಯ ಸಹಾಯಕಿಯ ಹುದ್ದೆಯಲ್ಲಿ ಇವರು ಒಂದು ದಿನವಾದರೂ ಕೂರುತ್ತಾರೋ ಇಲ್ಲವೋ? ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ನನ್ನ ಬಳಿ ಏಳು ಪ್ರತಿ ಇದೆ, ಎಂಟನೆಯದು ಬೇಡ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಉಪಕಾರ, ನಮಸ್ಕಾರ. ನಾನು ಕೂರುವುದಿಲ್ಲ, ಇಲ್ಲೇ ಪಕ್ಕದಲ್ಲಿ ನಿಂತಿರುತ್ತೇನೆ. ಈ ಮೈಕು ಯಾರ ಕಿವಿಗೂ ಗುಟ್ಟಾಗಿ ಹೋಗುವುದಲ್ಲ, ಇಡೀ ಸಭೆಗೆ ಕೇಳುತ್ತದೆ. ಅಧೀಕ್ಷಕರೇ, ತಗೊಳ್ಳಿ, ತಾರೀಖು ಹೇಳಿ.